ಇನ್ನೊಬ್ಬರ ಕೈಯಲ್ಲಿ ಸ್ಟ್ರೆಚಿಂಗ್: ಎಷ್ಟು ಎಳೆಯಬೇಕು, ಎಲ್ಲಿ ನಿಲ್ಲಬೇಕು

ಮಂಡಿ ಬದಲಿಸಿಕೊಂಡು ಮನೆಗೆ ಹೊರಟವರಿಗೆ, ಪಾರ್ಶ್ವವಾಯು ಹೊಡೆದು ಒಂದು ಕಡೆ ಬಿದ್ದವರಿಗೆ, ಸಕ್ಕರೆ ಕಾಯಿಲೆಯ ಜೊತೆಗೆ ಹೆಗಲೂ ಹಿಡಿದುಕೊಂಡವರಿಗೆ ಆಸ್ಪತ್ರೆಯಿಂದ ಬಿಡುವಾಗ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ದಿನಾ ಎರಡು ಹೊತ್ತು ಸ್ಟ್ರೆಚಿಂಗ್ ಮಾಡಿಸ್ರಿ." ಬೆಳಗಾವಿ, ವಿಜಯಪುರದಂಥ ಊರಲ್ಲಿದ್ದರೆ ಫಿಸಿಯೋಥೆರಪಿಸ್ಟ್ ಹತ್ತಿರದಲ್ಲೇ ಸಿಗುತ್ತಾರೆ. ಹುನಗುಂದದ ಕಡೆಯ ಹಳ್ಳಿಗೋ ಸಿಂದಗಿಯ ಕಡೆಯ ತಾಂಡಾಕ್ಕೋ ಹೋದವರಿಗೆ ಆ ಕೆಲಸ ಮಗನ, ಸೊಸೆಯ, ಹೆಂಡತಿಯ ಕೈಗೆ ಬೀಳುತ್ತದೆ. ಸೇನೆ, ಪೊಲೀಸ್ ಭರ್ತಿಗೆ ಓಡುವ ಹುಡುಗರು ಮೈದಾನದಲ್ಲಿ ಒಬ್ಬರ ಕಾಲು ಒಬ್ಬರು ಎತ್ತಿ ಎಳೆಯುತ್ತಾರೆ. ಗರಡಿಯಲ್ಲಿ ಮಾಲೀಶ್ ಆದ ಮೇಲೆ ಕೈಕಾಲು ತಿರುವಿ ಎಳೆಯುವುದು ಹಳೆಯ ರೂಢಿ.

ಎಲ್ಲ ಕಡೆಯೂ ಒಂದು ನಂಬಿಕೆ ಬೇರೂರಿದೆ: ಜೋರಾಗಿ ಎಳೆದಷ್ಟೂ ಬೇಗ ಬಿಡುತ್ತದೆ. ಮನೆಯಲ್ಲಿ ಮಾಡಿಸುವ ಸ್ಟ್ರೆಚಿಂಗ್‌ನಲ್ಲಿ ಆಗುವ ಹಾನಿಗೆ ಈ ನಂಬಿಕೆಯೇ ದೊಡ್ಡ ಕಾರಣ. ಇಲ್ಲಿ ಬಲಕ್ಕಿಂತ ಹೊತ್ತು ಮುಖ್ಯ. ಎಳೆಯುವವರು ಕೈಯಲ್ಲಿ ಹಿಡಿದು ಕಾಯಬೇಕು, ಎಲ್ಲಿ ನಿಲ್ಲಬೇಕೆಂಬುದನ್ನು ಮಲಗಿದವರು ಹೇಳಬೇಕು. ಯಾಕೆ ಹೀಗೆ ಎಂಬುದು ಸ್ನಾಯುವಿನ ಒಳಗಿನ ವ್ಯವಸ್ಥೆ ತಿಳಿದರೆ ಗೊತ್ತಾಗುತ್ತದೆ.

ಬಿಗಿದಿರುವುದು ಯಾವುದು?

ಕಾಲು ಪೂರ್ತಿ ಮೇಲೇಳುತ್ತಿಲ್ಲ, ಕೈ ಹಿಂದಕ್ಕೆ ಹೋಗುತ್ತಿಲ್ಲ ಅಂದರೆ ಜನ ಸಾಮಾನ್ಯವಾಗಿ "ನರ ಹಿಡಿದದ" ಎನ್ನುತ್ತಾರೆ. ನಿಜವಾದ ಕಾರಣ ನಾಲ್ಕರಲ್ಲಿ ಒಂದಿರಬಹುದು.

ಸ್ನಾಯು ನಿಜವಾಗಿಯೇ ಗಿಡ್ಡವಾಗಿರಬಹುದು. ಸ್ನಾಯುವಿನ ಎಳೆಗಳಲ್ಲಿ ಸಾರ್ಕೊಮಿಯರ್ ಎಂಬ ಅತಿ ಸಣ್ಣ ಘಟಕಗಳು ಒಂದರ ಹಿಂದೊಂದು ಸಾಲಾಗಿರುತ್ತವೆ. ಪ್ಲಾಸ್ಟರ್ ಹಾಕಿ ಮಡಚಿದ ಸ್ಥಿತಿಯಲ್ಲಿ ವಾರಗಟ್ಟಲೆ ಇಟ್ಟರೆ ಆ ಸಾಲಿನ ಘಟಕಗಳ ಸಂಖ್ಯೆಯೇ ಇಳಿಯುತ್ತದೆ. ಎರಡನೆಯ ಕಾರಣ, ಸ್ನಾಯುವಿನ ಉದ್ದ ಸರಿಯಾಗಿದ್ದರೂ ಮಿದುಳು, ಬೆನ್ನುಹುರಿ ಅದನ್ನು ಬಿಗಿಹಿಡಿದಿರುವುದು. ಇಳಕಲ್, ಗುಳೇದಗುಡ್ಡದಲ್ಲಿ ದಿನವಿಡೀ ಮಗ್ಗದ ಮುಂದೆ ಕೂರುವವರ ತೊಡೆಸಂದಿನ ಮುಂಭಾಗ, ಅಥಣಿ, ಮುಧೋಳದ ಕಡೆ ಬಗ್ಗಿ ಕಬ್ಬು ಕಡಿಯುವವರ ಟೊಂಕ ಮತ್ತು ತೊಡೆಯ ಹಿಂಭಾಗ, ತಿಕೋಟಾ ಕಡೆಯ ದ್ರಾಕ್ಷಿ ಚಪ್ಪರದ ಕೆಳಗೆ ಕೈ ಮೇಲೆತ್ತಿ ಚಾಟನಿ ಮಾಡುವವರ (ಬಳ್ಳಿ ಸವರುವವರ) ಕುತ್ತಿಗೆ, ಹೆಗಲು ಬಿಗಿಯುವುದರಲ್ಲಿ ಇದರ ಪಾಲು ದೊಡ್ಡದು. ಮೂರನೆಯದು ಕೀಲನ್ನು ಸುತ್ತಿರುವ ಚೀಲ ಸುಕ್ಕುಗಟ್ಟಿ ದಪ್ಪವಾಗುವುದು. ನಾಲ್ಕನೆಯದು ಸ್ನಾಯುವಿಗೂ ಚೀಲಕ್ಕೂ ಸಂಬಂಧವಿಲ್ಲದ್ದು: ನರ ಒತ್ತಿಕೊಂಡಿರುವುದು ಅಥವಾ ಎಲುಬಿಗೆ ಎಲುಬು ತಾಗುವುದು.

ಎಳೆತ ಚೆನ್ನಾಗಿ ಕೆಲಸ ಮಾಡುವುದು ಮೊದಲ ಎರಡಕ್ಕೆ. ಮೂರನೆಯದಕ್ಕೆ ಅಷ್ಟಿಷ್ಟು, ಅದೂ ತಿಂಗಳುಗಟ್ಟಲೆ ಮಾಡಿದರೆ. ನಾಲ್ಕನೆಯದಕ್ಕೆ ಎಳೆದರೆ ಕೆಡುತ್ತದೆ.

ಅನುಭವಿ ಥೆರಪಿಸ್ಟ್ ಈ ವ್ಯತ್ಯಾಸವನ್ನು ಕೈಯಿಂದಲೇ ಗುರುತಿಸುತ್ತಾರೆ. ಕೀಲನ್ನು ನಿಧಾನವಾಗಿ ಕೊನೆಯವರೆಗೆ ಒಯ್ದಾಗ ಕೈಗೆ ಸಿಗುವ ತಡೆಯ ಗುಣವನ್ನು ಗಮನಿಸುತ್ತಾರೆ. ಸ್ನಾಯುವಿನ ತಡೆ ಹಂತಹಂತವಾಗಿ ಏರುತ್ತದೆ, ಒತ್ತಿ ಬಿಟ್ಟರೆ ತುಸು ಪುಟಿಯುತ್ತದೆ. ಕೀಲಿನ ಚೀಲದ ತಡೆ ತಟ್ಟನೆ ಬರುತ್ತದೆ, ಆಮೇಲೆ ಕೂದಲೆಳೆಯಷ್ಟೇ ಸರಿಯುತ್ತದೆ. ಎಲುಬಿನ ತಡೆಯಲ್ಲಿ ಮುಂದೆ ಏನೂ ಇಲ್ಲ. ಅಪಾಯದ್ದು ಇನ್ನೊಂದಿದೆ: ಕೈಗೆ ಯಾವ ತಡೆಯೂ ಸಿಗುವ ಮೊದಲೇ ರೋಗಿ ನೋವಿನಿಂದ ಕೂಗಿ ಕಾಲು ಸೆಳೆದುಕೊಳ್ಳುವುದು. ಕೀಲಿನಲ್ಲಿ ಕೀವು, ಗೊತ್ತಾಗದೆ ಉಳಿದ ಎಲುಬಿನ ಬಿರುಕು, ಗಡ್ಡೆ ಇದ್ದಾಗ ಹೀಗಾಗುತ್ತದೆ. ಹಾಗಾದರೆ ಆ ಕ್ಷಣವೇ ಕೈ ತೆಗೆದು ವೈದ್ಯರಿಗೆ ತೋರಿಸಬೇಕು.

ಸ್ನಾಯುವಿನೊಳಗಿನ ಕಾವಲು

ಪ್ರತಿ ಸ್ನಾಯುವಿನ ಒಳಗೆ ಕದಿರಿನಾಕಾರದ ಸೂಕ್ಷ್ಮ ಸಂವೇದಕಗಳಿವೆ. ಸ್ನಾಯು ಎಷ್ಟು ಉದ್ದವಾಯಿತು, ಎಷ್ಟು ಬೇಗ ಉದ್ದವಾಯಿತು ಎಂಬ ಎರಡನ್ನೂ ಇವು ಬೆನ್ನುಹುರಿಗೆ ತಿಳಿಸುತ್ತವೆ. ಜಗ್ಗಿ ಎಳೆದರೆ ಬೆನ್ನುಹುರಿ ಮಿದುಳನ್ನು ಕೇಳಲು ಹೋಗುವುದಿಲ್ಲ, ನೇರವಾಗಿ ಅದೇ ಸ್ನಾಯುವಿಗೆ "ಬಿಗಿ" ಎಂದು ಆಜ್ಞೆ ಕೊಡುತ್ತದೆ. ವೈದ್ಯರು ಮಂಡಿಯ ಕೆಳಗೆ ಸುತ್ತಿಗೆ ತಟ್ಟಿದಾಗ ಕಾಲು ಮುಂದೆ ಚಿಮ್ಮುವುದು ಇದೇ ಪ್ರತಿಕ್ರಿಯೆ. ಅಂದರೆ ಝಟಕಾ ಕೊಟ್ಟು ಎಳೆದಾಗ ಎದುರಿಗೆ ಸಿಗುವ ಗಟ್ಟಿತನದಲ್ಲಿ ಒಂದು ಪಾಲನ್ನು ಎಳೆಯುವವರೇ ಹುಟ್ಟಿಸಿರುತ್ತಾರೆ.

ಸ್ನಾಯು ಎಲುಬಿಗೆ ಅಂಟುವ ಸ್ನಾಯುರಜ್ಜುವಿನ ಬಳಿ ಇನ್ನೊಂದು ಬಗೆಯ ಸಂವೇದಕವಿದೆ, ಅದು ಒತ್ತಡವನ್ನು ಅಳೆಯುತ್ತದೆ. ಇದು ಚುರುಕಾದಾಗ ಸ್ನಾಯು ಸಡಿಲಾಗುತ್ತದೆ, ಅದರಿಂದಲೇ "ಒತ್ತಿ, ಬಿಟ್ಟು, ಎಳೆಯುವ" ವಿಧಾನ ಫಲ ಕೊಡುತ್ತದೆ ಎಂದು ಬಹುಕಾಲ ಕಲಿಸಿಕೊಂಡು ಬಂದರು. ಆದರೆ ಆ ಪರಿಣಾಮ ಇರುವುದು ಒಂದೆರಡು ಸೆಕೆಂಡು ಮಾತ್ರ, ಸಿಗುವ ಲಾಭವನ್ನು ಅದೊಂದೇ ವಿವರಿಸಲಾರದು. ಈಗ ಹೆಚ್ಚು ಒಪ್ಪಿಗೆಯಾಗಿರುವ ವಿವರಣೆ ಸಹನೆಯದು. ಅಪಾಯವಿಲ್ಲದ ಎಳೆತವನ್ನು ಮತ್ತೆ ಮತ್ತೆ ಅನುಭವಿಸಿದಾಗ ನರವ್ಯೂಹ ಆ ಮಟ್ಟವನ್ನು ಒಪ್ಪಿಕೊಳ್ಳುತ್ತದೆ, ನೋವು ಶುರುವಾಗುವ ಗೆರೆ ದೂರ ಸರಿಯುತ್ತದೆ. ಮೊದಲ ಕೆಲವು ವಾರ ಸಿಗುವ ಪ್ರಗತಿಯಲ್ಲಿ ಬಹುಪಾಲು ಇದೇ.

ಇದರ ಜೊತೆಗೆ ಸ್ನಾಯುವಿಗೂ ಅದರ ಹೊದಿಕೆಗೂ ಒಂದು ಭೌತಿಕ ಗುಣವಿದೆ. ಹೋಳಿಗೆಯ ಕಣಕವನ್ನು ತಟ್ಟನೆ ಎಳೆದರೆ ಹರಿಯುತ್ತದೆ, ಎಣ್ಣೆ ಹಚ್ಚಿ ನಿಧಾನಕ್ಕೆ ಎಳೆದರೆ ಮಾರುದ್ದ ಬರುತ್ತದೆ. ಸ್ನಾಯುವೂ ಒಂದೇ ಬಲದಲ್ಲಿ 20–30 ಸೆಕೆಂಡು ಹಿಡಿದಿಟ್ಟರೆ ತಾನಾಗಿ ಸಡಿಲಾಗುತ್ತಾ ಹೋಗುತ್ತದೆ. ಬಿಟ್ಟ ಮೇಲೆ ಈ ಸಡಿಲ ಹೆಚ್ಚು ಹೊತ್ತು ಉಳಿಯುವುದಿಲ್ಲ. ಅದಕ್ಕೇ ವಾರಕ್ಕೊಮ್ಮೆ ಒಂದು ತಾಸು ಎಳೆಸಿಕೊಳ್ಳುವುದಕ್ಕಿಂತ ದಿನಾ ಐದು ನಿಮಿಷ ಮೇಲು.

ಬಳಕೆಯಲ್ಲಿರುವ ವಿಧಾನಗಳು

ಎಲ್ಲಕ್ಕಿಂತ ಸರಳವಾದದ್ದು ಸ್ಥಿರ ಎಳೆತ. ಮಲಗಿದವರು ಸುಮ್ಮನಿರುತ್ತಾರೆ, ಇನ್ನೊಬ್ಬರು ಕೈಯನ್ನೋ ಕಾಲನ್ನೋ ತಡೆ ಸಿಗುವವರೆಗೆ ಒಯ್ದು 10–30 ಸೆಕೆಂಡು ಹಿಡಿಯುತ್ತಾರೆ. ವಯಸ್ಸಾದವರಿಗೆ 30–60 ಸೆಕೆಂಡು ಬೇಕಾಗುತ್ತದೆ. ಒಂದು ಸ್ನಾಯುವಿಗೆ 2ರಿಂದ 4 ಸಲ, ಒಟ್ಟು ಸುಮಾರು 60 ಸೆಕೆಂಡು ಸಾಕು.

ಎರಡನೆಯದು ಪಿ.ಎನ್.ಎಫ್., ಅಂದರೆ ಪ್ರೊಪ್ರಿಯೊಸೆಪ್ಟಿವ್ ನ್ಯೂರೋಮಸ್ಕ್ಯುಲರ್ ಫೆಸಿಲಿಟೇಶನ್. 1940ರ ದಶಕದಲ್ಲಿ ಅಮೆರಿಕದ ವೈದ್ಯ ಹರ್ಮನ್ ಕಬಾಟ್ ಪೋಲಿಯೊ ಮತ್ತಿತರ ರೋಗಗಳಿಂದ ಕೈಕಾಲು ಬಿದ್ದವರಿಗಾಗಿ ಇದನ್ನು ರೂಪಿಸಿದರು. ಮಾರ್ಗರೆಟ್ ನಾಟ್, ಡೊರೊಥಿ ವಾಸ್ ಎಂಬ ಥೆರಪಿಸ್ಟ್‌ಗಳು ಬೆಳೆಸಿದರು. ಮೂಲದಲ್ಲಿ ಇದು ಬಿದ್ದ ಸ್ನಾಯುಗಳನ್ನು ಎಬ್ಬಿಸುವ ಪದ್ಧತಿ, ಎಳೆತ ಅದರ ಒಂದು ತುಂಡು ಮಾತ್ರ. ಬಿಗಿದ ಸ್ನಾಯುವನ್ನೇ ಕೆಲವು ಸೆಕೆಂಡು ಥೆರಪಿಸ್ಟ್‌ನ ಕೈಗೆ ಎದುರಾಗಿ ಒತ್ತಿಸಿ, ಬಿಡಿಸಿ, ಆಮೇಲೆ ಹೊಸ ಮಿತಿಯವರೆಗೆ ಒಯ್ಯುವುದು ಇದರ ಕ್ರಮ. ಕೊನೆಯಲ್ಲಿ ಎದುರು ಬದಿಯ ಸ್ನಾಯುವಿನಿಂದ ರೋಗಿಯೇ ಕಾಲನ್ನು ತನ್ನತ್ತ ಸೆಳೆದುಕೊಂಡರೆ ಇನ್ನೂ ತುಸು ಸಿಗುತ್ತದೆ.

ಇದರ ಸೌಮ್ಯ ರೂಪ ಮಸಲ್ ಎನರ್ಜಿ ವಿಧಾನ, ಅಮೆರಿಕದ ಆಸ್ಟಿಯೋಪತಿ (ಎಲುಬು, ಸ್ನಾಯುಗಳಿಗೆ ಕೈಯಿಂದ ಚಿಕಿತ್ಸೆ ಕೊಡುವ ಪದ್ಧತಿ) ವೈದ್ಯ ಫ್ರೆಡ್ ಮಿಚೆಲ್ ಅವರಿಂದ ಬಂದದ್ದು. ಪ್ರಾಗ್‌ನ ನರರೋಗ ತಜ್ಞ ಕಾರೆಲ್ ಲೆವಿಟ್ ಬಲವನ್ನು ಇನ್ನೂ ತಗ್ಗಿಸಿ ಉಸಿರನ್ನು ಜೋಡಿಸಿದರು: ಉಸಿರು ಎಳೆದುಕೊಳ್ಳುವಾಗ ಹಗುರವಾಗಿ ಒತ್ತುವುದು, ಬಿಡುವಾಗ ಸಡಿಲಬಿಡುವುದು. ನೋವು ಹೆಚ್ಚಿರುವವರಿಗೆ, ವಯಸ್ಸಾದವರಿಗೆ, ಕುತ್ತಿಗೆಯಂಥ ಸೂಕ್ಷ್ಮ ಜಾಗಕ್ಕೆ ಹೊಂದುವುದು ಇದೇ.

ಅಮೆರಿಕದ ಏರನ್ ಮ್ಯಾಟ್ಸ್ ಹೆಸರಿಗೆ ಅಂಟಿದ ಇನ್ನೊಂದು ವಿಧಾನದಲ್ಲಿ 2 ಸೆಕೆಂಡಿಗಿಂತ ಹೆಚ್ಚು ಹಿಡಿಯುವುದೇ ಇಲ್ಲ. ರೋಗಿಯೇ ಕಾಲೆತ್ತುತ್ತಾರೆ, ಕೊನೆಯಲ್ಲಿ ಸಹಾಯಕರು ಹಗುರವಾಗಿ ನೂಕಿ ಬಿಡುತ್ತಾರೆ, ಹೀಗೆ 8–10 ಸಲ. 2019ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಥಾಯ್ ಮಸಾಜ್‌ನಲ್ಲಿ ಎಳೆತವೂ ಮುಖ್ಯ ಭಾಗ. ಬಟ್ಟೆ ತೊಟ್ಟೇ, ನೆಲದ ಹಾಸಿಗೆಯ ಮೇಲೆ, ಎಣ್ಣೆಯಿಲ್ಲದೆ ಮಾಡುತ್ತಾರೆ. ಆರೋಗ್ಯವಂತರಿಗೆ ಹಿತ. ಆದರೆ ಅದರಲ್ಲಿ ಬೆನ್ನನ್ನು ಹಿಂದಕ್ಕೆ ಬಾಗಿಸುವ, ತಿರುಚುವ ಭಂಗಿಗಳಿರುವುದರಿಂದ ಡಿಸ್ಕ್ ತೊಂದರೆ, ಎಲುಬು ಸವೆತ ಇದ್ದವರು ಮೊದಲೇ ಹೇಳಿ ಆ ಭಾಗ ಬಿಡಿಸಬೇಕು.

ತೊಡೆಯ ಹಿಂಭಾಗ: ಹೆಜ್ಜೆ ಹೆಜ್ಜೆಯಾಗಿ

ಹೆಚ್ಚು ಜನರಿಗೆ ಬೇಕಾಗುವುದೂ ಹೆಚ್ಚು ತಪ್ಪಾಗುವುದೂ ಇಲ್ಲಿಯೇ, ಆದ್ದರಿಂದ ಇದೊಂದನ್ನು ಪೂರ್ತಿ ನೋಡೋಣ. ಈ ಸ್ನಾಯುಗಳು ಕುಂಡಿಯ ಕೂರುವ ಎಲುಬಿನಿಂದ ಹೊರಟು ಮಂಡಿಯ ಕೆಳಗೆ ಅಂಟುತ್ತವೆ. ಅಂದರೆ ಎರಡು ಕೀಲು ದಾಟುತ್ತವೆ.

ಹಗ್ಗದ ಹೊರಸು ಬೇಡ, ಅದರಲ್ಲಿ ಸೊಂಟ ಕುಸಿಯುತ್ತದೆ. ನೆಲದ ಮೇಲೆ ದಪ್ಪ ಚಾಪೆಯೋ ಜಮಖಾನೆಯೋ ಹಾಸಿ ಅಂಗಾತ ಮಲಗಿಸಿ. ಎಳೆಯದ ಕಾಲು ನೆಲಕ್ಕೆ ಚಾಚಿರಲಿ. ಟೊಂಕದ ಕೆಳಗೆ ದೊಡ್ಡ ಸಂದು ಬಿದ್ದರೆ ಆ ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಡಿ. ಸಹಾಯಕರು ಪಕ್ಕದಲ್ಲಿ ಒಂದು ಮಂಡಿ ಊರಿ ಕೂರಬೇಕು. ನಿಂತು ಬಗ್ಗಿ ಮಾಡಿದರೆ ವಾರದೊಳಗೆ ಅವರ ಟೊಂಕವೂ ಹಿಡಿಯುತ್ತದೆ. ಒಂದು ಅಂಗೈ ಹಿಮ್ಮಡಿಯ ಕೆಳಗೆ, ಇನ್ನೊಂದು ಮಂಡಿ ಚಿಪ್ಪಿಗಿಂತ ಮೇಲೆ, ತೊಡೆಯ ಮೇಲೆ. ಚಿಪ್ಪಿನ ಮೇಲೆ ಕೈ ಒತ್ತಬಾರದು.

ಮಂಡಿ ನೇರವಾಗಿಟ್ಟು ಕಾಲನ್ನು ನಿಧಾನವಾಗಿ ಎತ್ತಿ. ಮೊದಲ ಗಟ್ಟಿ ತಡೆ ಸಿಕ್ಕಲ್ಲಿ ನಿಲ್ಲಿಸಿ, 10 ಸೆಕೆಂಡು ಕಾಯಿರಿ. ಈಗ ಮಲಗಿದವರು ಹಿಮ್ಮಡಿಯಿಂದ ನಿಮ್ಮ ಅಂಗೈಯನ್ನು ನೆಲದ ಕಡೆ ಒತ್ತಬೇಕು, ಅವರ ಪೂರ್ತಿ ಶಕ್ತಿಯ ಕಾಲುಭಾಗ ಮಾತ್ರ, 6 ಸೆಕೆಂಡು. ನೀವು ಕಾಲನ್ನು ಕದಲಲು ಬಿಡಬೇಡಿ. ಉಸಿರು ಬಿಗಿಹಿಡಿಯದಂತೆ ಒಂದರಿಂದ ಆರರವರೆಗೆ ಅವರ ಬಾಯಲ್ಲೇ ಎಣಿಸಿಸುವುದು ಒಳ್ಳೆಯ ಉಪಾಯ. ಬಿ.ಪಿ. ಇದ್ದವರಿಗೆ ಇದು ಉಪಾಯವಲ್ಲ, ಅವಶ್ಯ. ಆಮೇಲೆ ಒತ್ತುವುದನ್ನು ಮೆಲ್ಲಗೆ ಬಿಡಿಸಿ. ಅವರು ಉಸಿರು ಹೊರಬಿಡುವಾಗ ಕಾಲು ತಾನಾಗಿ ಒಂದೆರಡು ಬೆರಳು ಮೇಲೆ ಬರುತ್ತದೆ. ಬಂದಷ್ಟನ್ನೇ ತೆಗೆದುಕೊಂಡು 20–30 ಸೆಕೆಂಡು ಹಿಡಿಯಿರಿ. ಇದೇ ಸುತ್ತು ಮೂರು ಸಲ. ಇಳಿಸುವಾಗ ಮೊದಲು ಮಂಡಿ ಮಡಚಿ, ಆಮೇಲೆ ಪಾದ ನೆಲಕ್ಕೆ.

ಎಷ್ಟು ನೋವು ಸರಿ? ಹತ್ತರ ಅಳತೆಯಲ್ಲಿ ಮೂರು ನಾಲ್ಕು. ಮುಖ ಕಿವುಚುವುದು, ಮುಷ್ಟಿ ಬಿಗಿಯುವುದು, ಉಸಿರು ನಿಲ್ಲಿಸುವುದು ಕಂಡರೆ ಮಿತಿ ಮೀರಿದೆ ಎಂದರ್ಥ. ನಮ್ಮ ಕಡೆ ಹಿರಿಯರು ಬಾಯಿಬಿಟ್ಟು ನೋವು ಹೇಳುವುದು ಕಡಿಮೆ, ಹಾಗಾಗಿ ಕಾಲಿಗಿಂತ ಮುಖ ನೋಡುತ್ತಿರಬೇಕು.

ಸಾಮಾನ್ಯ ತಪ್ಪುಗಳು ಇವು. ಎತ್ತಿದ ಕಾಲಿನ ಕಡೆಯ ಕುಂಡಿ ನೆಲ ಬಿಟ್ಟು ಏಳುವುದು: ಆಗ ಎಳೆತ ತೊಡೆಗೆ ಹೋಗುವುದಿಲ್ಲ, ಟೊಂಕಕ್ಕೆ ಹೋಗುತ್ತದೆ. ಮಂಡಿ ಮಡಚಿಕೊಳ್ಳುವುದು: ಕಾಲು ಮೇಲೆ ಹೋದಂತೆ ಕಾಣುತ್ತದೆ, ಸ್ನಾಯು ಎಳೆದಿರುವುದೇ ಇಲ್ಲ. ಪೂರ್ತಿ ಬಲದಿಂದ ಒತ್ತುವುದು: ಸ್ನಾಯು ಗಂಟುಕಟ್ಟಿ ಸೆಳೆತ ಹಿಡಿಯುತ್ತದೆ. ಹಿಡಿದರೆ ಒತ್ತುವುದನ್ನು ನಿಲ್ಲಿಸಿ, ಕಾಲನ್ನು ಕೆಳಗಿಳಿಸಿ ಮಂಡಿ ಮೆಲ್ಲಗೆ ನೇರ ಮಾಡಿ ಹಾಗೇ ಇಡಬೇಕು.

ಇನ್ನೊಂದು ಪರೀಕ್ಷೆ ಎಲ್ಲರೂ ಕಲಿಯಬೇಕಾದದ್ದು. ಕಾಲು ಮಿತಿಯಲ್ಲಿ ಇರುವಾಗ ಪಾದವನ್ನು ಮೂಗಿನ ಕಡೆಗೆ ಮೆಲ್ಲಗೆ ಬಾಗಿಸಿ. ಜೋಮು, ಉರಿ, ಕರೆಂಟ್ ಹೊಡೆದ ಹಾಗಿನ ನೋವು ಟೊಂಕದಿಂದಲೋ ತೊಡೆಯಿಂದಲೋ ಮಂಡಿಯ ಕೆಳಗೆ ಇಳಿದು, ಪಾದ ಬಿಟ್ಟ ಕೂಡಲೇ ಕಡಿಮೆಯಾದರೆ ಅದು ಸ್ನಾಯುವಿನದಲ್ಲ, ಟೊಂಕದಿಂದ ಕಾಲಿಗೆ ಇಳಿಯುವ ಸಯಾಟಿಕ್ ನರದ್ದು. ನರವನ್ನು ಹಿಡಿದು ಎಳೆಯಬಾರದು. ಎಳೆದಷ್ಟೂ ಕೆರಳುತ್ತದೆ. ಟೊಂಕನೋವಿನ ಜೊತೆ ಮೂತ್ರ ಕಟ್ಟಿದರೆ, ತೊಡೆಸಂದಿಯ ಸುತ್ತ ಮರಗಟ್ಟಿದರೆ ಸ್ಟ್ರೆಚಿಂಗ್ ಮಾತೇ ಇಲ್ಲ, ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಮೀನಖಂಡ, ತೊಡೆಸಂದು, ಮಂಡಿ

ಮೀನಖಂಡದಲ್ಲಿ ಎರಡು ಪದರಗಳಿವೆ. ಮೇಲಿನದಕ್ಕೆ ಮಂಡಿ ನೇರವಾಗಿಟ್ಟು, ಒಳಗಿನದಕ್ಕೆ ಮಂಡಿ ಸ್ವಲ್ಪ ಮಡಚಿ ಪಾದ ಬಾಗಿಸಬೇಕು. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಮುಂಗೈಯನ್ನು ಅಂಗಾಲಿಗೆ ಒರಗಿಸಿ ದೇಹದ ಭಾರ ಕೊಡುವುದು ಸರಿ. ಬೆರಳುಗಳನ್ನಷ್ಟೇ ಹಿಡಿದು ಬಾಗಿಸಿದರೆ ಪಾದದ ನಡುಭಾಗ ಬಾಗುತ್ತದೆ, ಮೀನಖಂಡಕ್ಕೆ ಏನೂ ತಲುಪುವುದಿಲ್ಲ.

ತೊಡೆಸಂದಿನ ಮುಂಭಾಗಕ್ಕೆ ಗಟ್ಟಿ ಮಂಚದ ಅಂಚು ಬೇಕು. ಅಂಚಿನಲ್ಲಿ ಕೂತು ಹಿಂದಕ್ಕೆ ಮಲಗಿ, ಒಂದು ಮಂಡಿಯನ್ನು ಎರಡೂ ಕೈಯಿಂದ ಎದೆಗೆ ಅಪ್ಪಿಕೊಳ್ಳಬೇಕು. ಇನ್ನೊಂದು ತೊಡೆ ಅಂಚಿನಾಚೆ ಇಳಿಬಿದ್ದಿರಲಿ. ಸಹಾಯಕರು ಆ ತೊಡೆಯನ್ನು ಮೇಲಿನಿಂದ ಕೆಳಕ್ಕೆ ಒತ್ತುತ್ತಾರೆ. ಅಪ್ಪಿಕೊಂಡ ಮಂಡಿ ಸಡಿಲವಾದರೆ ಟೊಂಕ ಬಿಲ್ಲಾಗುತ್ತದೆ, ನೋವು ಬೆನ್ನಿಗೆ ಬರುತ್ತದೆ.

ಮಂಡಿ ಬದಲಿ ಶಸ್ತ್ರಚಿಕಿತ್ಸೆಯಾದವರ ಮನೆಗಳಲ್ಲಿ ಪ್ರೀತಿಯಿಂದ ಮಾಡುವ ಒಂದು ತಪ್ಪು ಇದೆ: ಆರಾಮ ಇರಲಿ ಎಂದು ಮಂಡಿಯ ಕೆಳಗೆ ದಿಂಬಿಡುವುದು. ಮಂಡಿ ಆ ಬಾಗಿದ ಸ್ಥಿತಿಯಲ್ಲೇ ಗಟ್ಟಿಯಾಗಿ, ಆಮೇಲೆ ನೇರ ನಿಲ್ಲಲು, ನೇರ ನಡೆಯಲು ಆಗುವುದಿಲ್ಲ. ಸುತ್ತಿದ ಟವೆಲ್ ಇಡಬೇಕಾದದ್ದು ಹಿಮ್ಮಡಿಯ ಕೆಳಗೆ. ಮಂಡಿಯ ಕೆಳಗೆ ಖಾಲಿ ಇದ್ದು, ಕಾಲಿನ ಭಾರಕ್ಕೇ ಅದು ನೇರವಾಗಬೇಕು. ಮಡಚಿಸುವುದು ಮತ್ತು ನೇರ ಮಾಡಿಸುವುದು, ಇವೆರಡರಲ್ಲಿ ಮನೆಯವರು ಮಡಚುವುದರ ಮೇಲಷ್ಟೇ ಕಣ್ಣಿಡುತ್ತಾರೆ. ನಡಿಗೆಗೆ ನೇರವಾಗುವುದೂ ಅಷ್ಟೇ ಮುಖ್ಯ.

ಕುತ್ತಿಗೆ ಮತ್ತು ಹೆಗಲು

ಕುತ್ತಿಗೆಗೆ ಸಹಾಯಕರ ಬಲ ಎರಡು ಬೆರಳಿನಷ್ಟು ಸಾಕು. ತಲೆಯನ್ನು ಪಕ್ಕಕ್ಕೆ ಬಾಗಿಸಿ, ತಲೆಯನ್ನು ಇನ್ನಷ್ಟು ಎಳೆಯುವ ಬದಲು ಎದುರು ಹೆಗಲನ್ನು ಕೆಳಕ್ಕೆ ಒತ್ತುವುದು ಸುರಕ್ಷಿತ. ಕಂಕುಳ ನೋಡುವಂತೆ ಮುಖ ತಿರುಗಿಸಿದರೆ ಬೆನ್ನಿನ ಮೇಲಿನ ಭುಜದ ಹಲಗೆ ಎಲುಬಿನ ಮೂಲೆಗೆ ಅಂಟುವ ಇನ್ನೊಂದು ಸ್ನಾಯುವಿಗೆ ಎಳೆತ ಸಿಗುತ್ತದೆ, ಚಪ್ಪರದ ಕೆಳಗೆ ದುಡಿಯುವವರಿಗೆ ನೋವು ಕೂರುವುದು ಹೆಚ್ಚಾಗಿ ಅಲ್ಲೇ. ತಲೆಸುತ್ತು, ಕಣ್ಣು ಮಂಜು, ಮಾತು ತೊದಲುವುದು, ಕೈಗೆ ಜೋಮು, ಇವುಗಳಲ್ಲಿ ಒಂದು ಕಂಡರೂ ನಿಲ್ಲಿಸಿ. ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ನಾಳಗಳು ಕುತ್ತಿಗೆ ಮಣಿಗಳ ರಂಧ್ರದ ಮೂಲಕವೇ ಹೋಗುತ್ತವೆ. ರುಮಟಾಯ್ಡ್ ಸಂಧಿವಾತ ಇದ್ದವರ ಕುತ್ತಿಗೆಯ ಮೇಲಿನ ಮಣಿಗಳು ಸಡಿಲಾಗಿರಬಹುದಾದ್ದರಿಂದ ಅವರ ಕುತ್ತಿಗೆಗೆ ಯಾರೂ ಕೈ ಹಚ್ಚಬಾರದು. ಕ್ಷೌರದ ಕುರ್ಚಿಯಲ್ಲಿ ಕುತ್ತಿಗೆ ಹಿಡಿದು ತಟಕ್ಕನೆ ತಿರುವಿ ಶಬ್ದ ಬರಿಸುವುದು ಸ್ಟ್ರೆಚಿಂಗ್ ಅಲ್ಲವೇ ಅಲ್ಲ, ಅದನ್ನು ಯಾರೂ ಮಾಡಿಸಿಕೊಳ್ಳಬಾರದು.

ಹೆಗಲು ಹಿಡಿಯುವ ರೋಗ, ಫ್ರೋಜನ್ ಶೋಲ್ಡರ್, ಬಹುಪಾಲು 40ರಿಂದ 60 ವಯಸ್ಸಿನಲ್ಲಿ ಬರುತ್ತದೆ, ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ಮೊದಲು ನೋವಿನ ಹಂತ, ಆಮೇಲೆ ಗಟ್ಟಿಯಾಗುವ ಹಂತ, ಕೊನೆಗೆ ಬಿಡುವ ಹಂತ. ಎಲ್ಲ ಸೇರಿ ಒಂದರಿಂದ ಮೂರು ವರ್ಷ ಹಿಡಿಯಬಹುದು. ರಾತ್ರಿ ನಿದ್ದೆ ಕೆಡಿಸುವ ನೋವಿರುವ ಮೊದಲ ಹಂತದಲ್ಲಿ ಬಲವಂತದ ಎಳೆತ ಉರಿಯೂತ ಹೆಚ್ಚಿಸುತ್ತದೆ. ಆಗ ನೋವಿಲ್ಲದಷ್ಟು ಆಡಿಸುವುದಷ್ಟೇ ಸಾಕು. ಗಟ್ಟಿ ಹಂತದಲ್ಲಿ ಅಂಗಾತ ಮಲಗಿಸಿ, ಮೊಣಕೈ ಪಕ್ಕೆಗೆ ಅಂಟಿಸಿ 90 ಡಿಗ್ರಿ ಮಡಚಿ, ಅದರ ಕೆಳಗೆ ಮಡಚಿದ ಟವೆಲ್ ಇಟ್ಟು, ಮುಂಗೈಯನ್ನು ಹೊರಕ್ಕೆ ತಿರುಗಿಸಿ 15–30 ಸೆಕೆಂಡು ಹಿಡಿಯಬೇಕು. ಈ ರೋಗದಲ್ಲಿ ಎಲ್ಲಕ್ಕಿಂತ ಹೆಚ್ಚು ಕಳೆದುಹೋಗುವ ಚಲನೆ ಹೀಗೆ ಹೊರಕ್ಕೆ ತಿರುಗುವುದೇ. ಎಲ್ಲರೂ ಕೈ ಮೇಲೆತ್ತಿಸುವುದರಲ್ಲಿ ತೊಡಗಿ ಇದನ್ನು ಬಿಟ್ಟುಬಿಡುತ್ತಾರೆ. ಅಂದು ರಾತ್ರಿ ನೋವು ಏರಿದರೆ ಮರುದಿನ ಬಲ ಅರ್ಧಕ್ಕಿಳಿಸಬೇಕು.

ಮೊಣಕೈ: ಎಳೆಯಲೇಬಾರದ ಕೀಲು

ಮಕ್ಕಳು ಮರದಿಂದ, ಸೈಕಲ್‌ನಿಂದ ಬಿದ್ದು ಮೊಣಕೈ ಮುರಿದುಕೊಂಡು, ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ಪೂರ್ತಿ ಚಾಚಲು ಬರದಿದ್ದಾಗ ಮನೆಯವರಿಗೆ ಗಾಬರಿಯಾಗುತ್ತದೆ. "ಎಣ್ಣಿ ಹಚ್ಚಿ ತಿಕ್ಕಿ, ಜಗ್ಗಿ ಬಿಡಿಸ್ರಿ" ಎನ್ನುವವರು ಓಣಿಗೊಬ್ಬರು ಇರುತ್ತಾರೆ. ದಯವಿಟ್ಟು ಬೇಡ. ಮೊಣಕೈಯ ಮುಂದಿರುವ ಸ್ನಾಯು ಪೆಟ್ಟು ತಿಂದು ರಕ್ತ ಹೆಪ್ಪುಗಟ್ಟಿಸಿಕೊಂಡಿರುತ್ತದೆ. ಅದನ್ನು ತಿಕ್ಕಿ, ಜಗ್ಗಿ ಮತ್ತೆ ಮತ್ತೆ ಗಾಯ ಮಾಡಿದರೆ ಸ್ನಾಯುವಿನ ಒಳಗೇ ಎಲುಬು ಬೆಳೆಯುತ್ತದೆ. ಮಯೊಸೈಟಿಸ್ ಆಸಿಫಿಕನ್ಸ್ ಎಂದು ಇದರ ಹೆಸರು. ಕೆಲವು ವಾರಗಳಲ್ಲಿ ಕೈಗೆ ಗಟ್ಟಿ ಗಂಟು ಸಿಗುತ್ತದೆ, ಜಾಗ ಬಿಸಿಯಾಗಿರುತ್ತದೆ, ದಿನದಿಂದ ದಿನಕ್ಕೆ ಚಲನೆ ಕಡಿಮೆಯಾಗುತ್ತದೆ. ಇನ್ನೂ ಜೋರಾಗಿ ಎಳೆದರೆ ಇನ್ನೂ ಬೆಳೆಯುತ್ತದೆ, ಕೀಲು ಒಂದೇ ಕೋನದಲ್ಲಿ ಕೂತುಬಿಡಬಹುದು.

ಪೆಟ್ಟಾದ ಮೊಣಕೈಯನ್ನು ಆ ಮಗುವೇ ತನ್ನ ಶಕ್ತಿಯಿಂದ ಮಡಚಿ ಬಿಚ್ಚಬೇಕು. ಚೆಂಡು ಎಸೆಯುವುದು, ತಲೆ ಬಾಚುವುದು, ಊಟದ ತುತ್ತೆತ್ತುವುದು, ಇವೇ ಅದರ ವ್ಯಾಯಾಮ. ಮಕ್ಕಳಲ್ಲಿ ಬಹುಮಟ್ಟಿಗೆ ಚಲನೆ ತಿಂಗಳುಗಳಲ್ಲಿ ತಾನಾಗಿ ಮರಳುತ್ತದೆ. ತೊಡೆಯ ಮುಂಭಾಗಕ್ಕೆ ಜೋರು ಪೆಟ್ಟು ಬಿದ್ದ ಕಬಡ್ಡಿ, ಕುಸ್ತಿ ಆಟಗಾರರಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ.

ಪಾರ್ಶ್ವವಾಯು ಆದವರಿಗೆ

ಇಲ್ಲಿ ಬಿಗಿತಕ್ಕೆ ಕಾರಣ ಮಿದುಳಿನಲ್ಲಿದೆ. ಎಳೆಯುವ ವೇಗ ಹೆಚ್ಚಿದಷ್ಟೂ ಸ್ನಾಯು ಎದುರು ಬಿಗಿಯುತ್ತದೆ, ಆದ್ದರಿಂದ ಪ್ರತಿ ಚಲನೆಗೂ ಐದಾರು ಸೆಕೆಂಡು ಕೊಡಿ. ಮುಷ್ಟಿ ಬಿಗಿದಿದ್ದರೆ ಬೆರಳುಗಳನ್ನು ಒಂದೊಂದಾಗಿ ಕಿತ್ತು ಬಿಡಿಸಬೇಡಿ. ಮೊದಲು ಮಣಿಕಟ್ಟನ್ನು ಒಳಕ್ಕೆ ಬಾಗಿಸಿ, ಬೆರಳು ತಾವೇ ಸಡಿಲಾಗುತ್ತವೆ. ಹೆಬ್ಬೆರಳನ್ನು ಅದರ ಬುಡದಿಂದ ಹೊರಕ್ಕೆ ತೆಗೆದು, ಉಳಿದ ಬೆರಳು ಚಾಚಿ, ಕೊನೆಗೆ ಮಣಿಕಟ್ಟನ್ನು ಮೇಲಕ್ಕೆ ತನ್ನಿ. ಬಿದ್ದ ಕೈಯನ್ನು ಹಿಡಿದು ರೋಗಿಯನ್ನು ಎಬ್ಬಿಸುವುದಾಗಲಿ, ತಲೆಯ ಮೇಲಕ್ಕೆ ಎಳೆಯುವುದಾಗಲಿ ಕೂಡದು. ಹಿಡಿದಿಡುವ ಸ್ನಾಯು ಸತ್ವ ಕಳೆದುಕೊಂಡಿರುವುದರಿಂದ ಹೆಗಲ ಕೀಲು ಜಾರುತ್ತದೆ.

ಒಂದು ಮಾತು ನೇರವಾಗಿ ಹೇಳಬೇಕು. ಸ್ನಾಯು, ಕೀಲು ಶಾಶ್ವತವಾಗಿ ಗಿಡ್ಡವಾಗುವುದನ್ನು ಎಳೆತವೊಂದೇ ತಡೆಯುತ್ತದೆ ಎಂಬುದನ್ನು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2017ರ ಪರಿಶೀಲನೆ ಒಪ್ಪಿಲ್ಲ, ಏಳು ತಿಂಗಳಿಗಿಂತ ಕಡಿಮೆ ಅವಧಿಯಲ್ಲಿ ಗಮನಾರ್ಹ ಲಾಭ ಕಂಡಿಲ್ಲ. ಹಾಗಾಗಿ ದಿನದ ಇಪ್ಪತ್ತು ನಿಮಿಷ ಎಳೆದು ಉಳಿದ ಹೊತ್ತು ಮಲಗಿಸಿಡುವುದು ಸಾಲದು. ಕೂರಿಸುವುದು, ನಿಲ್ಲಿಸುವುದು, ಆ ಕೈಯಿಂದ ಏನಾದರೂ ಕೆಲಸ ಮಾಡಿಸುವುದು ಬೇಕೇ ಬೇಕು.

ಮಾಲೀಶ್, ಬಿಸಿ ಮತ್ತು ಓಟ

ಬಿಸಿ ಶಾಖ 15–20 ನಿಮಿಷ, ಆಮೇಲೆ ಹಗುರ ಮಾಲೀಶ್, ಆಮೇಲೆ ಎಳೆತ, ಈ ಕ್ರಮ ಸರಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾಗಿದ್ದರೆ ಬಿಸಿ ಬೇಡ, ಸುಟ್ಟದ್ದು ಅವರಿಗೆ ಗೊತ್ತಾಗುವುದಿಲ್ಲ. ಎಳೆಯುವ ಮೊದಲು ಎಣ್ಣೆ ಒರೆಸಿ. ಹಿಡಿತ ಜಾರಿದಾಗ ಬರುವ ಝಟಕಾವೇ ಸ್ನಾಯು ಹರಿಯಲು ಸಾಕು.

ಭರ್ತಿಯ 1.6 ಕಿ.ಮೀ. ಓಟಕ್ಕೆ ನಿಲ್ಲುವ ಮುಂಚೆ ಗೆಳೆಯರ ಕೈಯಲ್ಲಿ ಕಾಲು ಎಳೆಸಿಕೊಳ್ಳುವ ಹುಡುಗರಿಗೆ ತಿಳಿದಿರಲಿ: ಒಂದು ಸ್ನಾಯುವನ್ನು 60 ಸೆಕೆಂಡಿಗಿಂತ ಹೆಚ್ಚು ಹಿಡಿದು ಎಳೆದರೆ ಸ್ವಲ್ಪ ಹೊತ್ತು ಅದರ ಬಲ, ಚಿಮ್ಮುಗೆ ಕಡಿಮೆಯಾಗುತ್ತದೆ. ಓಟಕ್ಕೆ ಮೊದಲು ನಿಧಾನ ಜಾಗಿಂಗ್, ಕಾಲು ಹಿಂದೆ ಮುಂದೆ ಬೀಸುವುದು, ಮಂಡಿ ಎತ್ತಿ ಓಡುವುದು ಸಾಕು. ದೀರ್ಘ ಎಳೆತವನ್ನು ಸಂಜೆಗೆ ಇಟ್ಟುಕೊಳ್ಳಿ.

ಕೈ ಹಚ್ಚಬಾರದ ಸಂದರ್ಭಗಳು

ಶಸ್ತ್ರಚಿಕಿತ್ಸೆಯ ನಂತರ ಅಥವಾ ಬಹುದಿನ ಮಲಗಿದ ನಂತರ ಒಂದೇ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಅಲ್ಲಿನ ರಕ್ತನಾಳದಲ್ಲಿ ಹೆಪ್ಪು ಇರಬಹುದು. ತಿಕ್ಕಿದರೆ, ಎಳೆದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಅಪಾಯ. ಇದು ಮೊದಲು ನೆನಪಿಡಬೇಕಾದದ್ದು. ಸ್ನಾಯು ಹರಿದ ಮೊದಲ ಎರಡು ಮೂರು ದಿನ, ಇನ್ನೂ ಕೂಡಿಕೊಳ್ಳದ ಎಲುಬಿನ ಮುರಿತ, ಜ್ವರದೊಂದಿಗೆ ಊದಿದ ಕೀಲು, ಇವೂ ಸಲ್ಲವು. ಎಲುಬು ಸವೆದ ಹಿರಿಯರಿಗೆ, ಬಹುಕಾಲ ಸ್ಟೆರಾಯ್ಡ್ ನುಂಗಿದವರಿಗೆ ತಿರುಚುವ ಎಳೆತ ಬೇಡ. ಸೊಂಟದ ಕೀಲು ಬದಲಿಸಿಕೊಂಡವರ ತೊಡೆಯನ್ನು ಶಸ್ತ್ರಚಿಕಿತ್ಸಕರು ಹೇಳುವವರೆಗೆ 90 ಡಿಗ್ರಿ ದಾಟಿಸಬೇಡಿ, ಕಾಲ ಮೇಲೆ ಕಾಲು ಹಾಕಿಸಬೇಡಿ. ಗರ್ಭಿಣಿಯರ ಕೀಲುಗಳು ಮೊದಲೇ ಸಡಿಲ, ಕೊನೆಯ ಮಿತಿಯವರೆಗೆ ಒಯ್ಯುವುದು ಅನಗತ್ಯ.

ಯಾರ ಹತ್ತಿರ ಕಲಿಯಬೇಕು, ಎಷ್ಟು ದಿನ ನೋಡಬೇಕು

ಫಿಸಿಯೋಥೆರಪಿ 2021ರ ರಾಷ್ಟ್ರೀಯ ಕಾಯ್ದೆಯಡಿ ಬರುವ ವೃತ್ತಿ. ಬಿ.ಪಿ.ಟಿ. (ಬ್ಯಾಚುಲರ್ ಆಫ್ ಫಿಸಿಯೋಥೆರಪಿ) ಪದವಿ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಫಿಸಿಯೋಥೆರಪಿ ಕಾಲೇಜೇ ಇದೆ. ಮೊದಲ ಭೇಟಿಗೆ ಮನೆಯಲ್ಲಿ ಎಳೆಯುವವರೂ ಜೊತೆಗೆ ಹೋಗಿ, ನೋಡಿ ಬರುವುದಲ್ಲ, ಥೆರಪಿಸ್ಟ್ ಎದುರು ತಾವೇ ಮಾಡಿ ತೋರಿಸಿ ತಿದ್ದಿಸಿಕೊಂಡು ಬರಬೇಕು.

ಅಳತೆಯನ್ನು ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ಮಾಡಿ. ಬೆಳಗಿನ ಬಿಗಿತಕ್ಕೂ ಸಂಜೆಯದಕ್ಕೂ ವ್ಯತ್ಯಾಸವಿರುತ್ತದೆ. ಹೆಗಲಿಗಾದರೆ ಗೋಡೆಯ ಮೇಲೆ ಬೆರಳು ಹತ್ತಿಸಿ ತಲುಪಿದಲ್ಲಿ ಸೀಮೆಸುಣ್ಣದ ಗೆರೆ. ಮಂಡಿಗಾದರೆ ಮಡಚಿದಾಗ ಹಿಮ್ಮಡಿಗೂ ಕುಂಡಿಗೂ ನಡುವಿನ ಗೇಣು, ಬೆರಳಿನ ಲೆಕ್ಕ. ದಿನಾ ತಪ್ಪದೆ ಮಾಡಿಸಿಯೂ ನಾಲ್ಕು ವಾರದಲ್ಲಿ ತೊಡೆ, ಮೀನಖಂಡದ ಅಳತೆ ಕದಲದಿದ್ದರೆ ಬಿಗಿದಿರುವುದು ಸ್ನಾಯು ಅಲ್ಲದಿರುವ ಸಾಧ್ಯತೆ ಹೆಚ್ಚು. ಬಲ ಏರಿಸದೆ, ಆ ಅಳತೆಯ ಚೀಟಿ ಹಿಡಿದುಕೊಂಡು ಮತ್ತೆ ತೋರಿಸಿಕೊಂಡು ಬನ್ನಿ.